ಕೈಗುಣವೋ, ಕೈವಾಸನೆಯೋ: ಆಲಮಟ್ಟಿ ಹಿನ್ನೀರಿನ ಒಂದು ಸಾಲುಗಾಳದ ಪ್ರಕರಣ

ಹಿನ್ನೆಲೆ

ಈ ಪ್ರಕರಣ ನಡೆದದ್ದು ಬೀಳಗಿ ತಾಲೂಕಿನಲ್ಲಿ, ಆಲಮಟ್ಟಿ ಹಿನ್ನೀರಿನ ದಂಡೆಗೆ ಹೊಂದಿಕೊಂಡ ಒಂದು ಪುನರ್ವಸತಿ ಕೇಂದ್ರದಲ್ಲಿ. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ಆಸುಪಾಸಿನಲ್ಲಿ ಜಲಾಶಯವು 519.60 ಮೀಟರ್ ಮಟ್ಟಕ್ಕೆ ತುಂಬಿ ನಿಂತಾಗ ನೀರು ಹಳೆಯ ಹೊಲಗಳ ಮೇಲೆ ಬಹುದೂರ ಹರಡಿಕೊಳ್ಳುತ್ತದೆ. ಚಳಿಗಾಲ ಕಳೆದಂತೆ ಅದು ಹಿಂದೆ ಸರಿಯುತ್ತ ಹೋಗಿ, ಎರೆಮಣ್ಣಿನ ಕೆಸರು ದಂಡೆಯಾಗಿ ಉಳಿಯುತ್ತದೆ. ಆ ಕೆಸರಿನ ಅಂಚಿನಲ್ಲಿ, ಎರಡಾಳು ಆಳದ ನೀರಿನಲ್ಲಿ, ತಳದಲ್ಲಿ ಮೇಯುವ ಸಾಮಾನ್ಯ ಗೆಂಡೆ, ಮೃಗಾಲ್, ರೋಹು ಮತ್ತು ಮೀಸೆಯ ಗಿರ್ಲು ಮೀನುಗಳು ಸಿಗುತ್ತವೆ. ನಾನು ಇದೇ ಭಾಗದ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು; ಕೆಲವು ವರ್ಷಗಳಿಂದ ಇಲ್ಲಿನ ಮೀನುಗಾರರ ಲೆಕ್ಕಪತ್ರ ಬರೆದುಕೊಡುತ್ತ ಬಂದಿದ್ದೇನೆ. ಇಲ್ಲಿ ಹೇಳುವ ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಗುರುತು ಹತ್ತಬಾರದೆಂದು ಊರಿನ ಹೆಸರನ್ನು ಕೈಬಿಟ್ಟಿದ್ದೇನೆ, ಮನೆಯ ಹಿರಿಯರನ್ನು ನಾನು ಎಂದಿನಿಂದಲೂ ಕರೆಯುವಂತೆ ಕಾಕಾ ಎಂದೇ ಕರೆದಿದ್ದೇನೆ.

ಕಾಕಾ ಮೊದಲು ಬಲೆ ಬಿಡುತ್ತಿದ್ದವರು. ಮಗ ಕೈಗೆ ಬಂದ ಮೇಲೆ, ಆರು ವರ್ಷಗಳ ಹಿಂದೆ, ಅವರು ಸಾಲುಗಾಳಕ್ಕೆ ತಿರುಗಿದರು. ಉದ್ದನೆಯ ಹಗ್ಗವೊಂದಕ್ಕೆ ಮಾರಿಗೊಂದರಂತೆ ಅರವತ್ತು ಗಾಳಗಳನ್ನು ಇಳಿಬಿಟ್ಟು, ಸಂಜೆ ನೀರಿಗೆ ಬಿಟ್ಟು ನಸುಕಿನಲ್ಲಿ ಎತ್ತುವ ಪದ್ಧತಿ ಅವರದು. ಗಾಳಕ್ಕೆ ಕಟ್ಟುವ ಎರೆ ಎಂದರೆ ಗೋಧಿ ಹಿಟ್ಟು, ನುಣ್ಣಗೆ ಕುಟ್ಟಿದ ಶೇಂಗಾ ಹಿಂಡಿ ಮತ್ತು ಚೂರು ಬೆಲ್ಲ ಸೇರಿಸಿ ಬಿಗಿಯಾಗಿ ನಾದಿ, ಉಗಿಯಲ್ಲಿ ಬೇಯಿಸಿದ ಕಣಕ. ಇದಲ್ಲದೆ ದಂಡೆಯ ಜೊಂಡಿನ ಬದಿಗೆ ಕೊರವ ಮೀನಿಗೆಂದು ಜೀವಂತ ಕಪ್ಪೆಮರಿ ಚುಚ್ಚಿದ ಹತ್ತು-ಹನ್ನೆರಡು ಬಿಡಿ ಗಾಳಗಳನ್ನೂ ಅವರು ಹಾಕುತ್ತಿದ್ದರು. ಈ ಬಿಡಿ ಗಾಳಗಳೇ ಮುಂದೆ ನಮ್ಮ ಕಣ್ಣು ತೆರೆಸಿದವು.

ಸಮಸ್ಯೆ

ಹೋದ ವರ್ಷ ದಸರೆಯ ನಂತರ ಮಗನಿಗೆ ಬಾಗಲಕೋಟೆಯಲ್ಲಿ ಕೆಲಸ ಸಿಕ್ಕಿ ಅವನು ಊರು ಬಿಟ್ಟನು. ಹುಟ್ಟು ಹಾಕಲು ಇನ್ನೊಂದು ತೋಳು ಇಲ್ಲದಾಯಿತು. ದೀಪಾವಳಿಯ ಹೊತ್ತಿಗೆ ಕಾಕಾ ಸಾಲ ಮಾಡಿ ಹಳೆಯದೊಂದು ಸಣ್ಣ ಪೆಟ್ರೋಲ್ ಎಂಜಿನ್ ಕೊಂಡು ದೋಣಿಗೆ ಕೂರಿಸಿದರು. ಎಳ್ಳಮಾವಾಸ್ಯೆಯ ಹೊತ್ತಿಗೆ ಸಾಲುಗಾಳದ ಮೀನು ಅರ್ಧಕ್ಕಿಂತ ಕೆಳಗಿಳಿಯಿತು. ಮೊದಲು ಒಂದು ರಾತ್ರಿಗೆ ಏಳೆಂಟು ಮೀನು ಸಿಕ್ಕರೆ ಅದು ಸಾಧಾರಣ ದಿನವಾಗಿದ್ದರೆ, ಈಗ ಮೂರು ಸಿಕ್ಕರೆ ಒಳ್ಳೆಯ ದಿನ ಎನ್ನುವಂತಾಯಿತು. ಪೆಟ್ರೋಲಿನ ಖರ್ಚು ಕಳೆದರೆ ಎಷ್ಟೋ ದಿನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಲೆಕ್ಕದ ವಹಿಯನ್ನು ನನ್ನ ಮುಂದಿಟ್ಟು ಕಾಕಾ ಮಾತಿಲ್ಲದೆ ಕುಳಿತ ಆ ಸಂಜೆಯನ್ನು ನಾನು ಮರೆತಿಲ್ಲ.

ಊರಿನಲ್ಲಿ ಇದಕ್ಕೆ ಎರಡು ವಿವರಣೆಗಳಿದ್ದವು. ಎಂಜಿನ್ನಿನ ಸದ್ದಿಗೂ ಎಣ್ಣೆಗೂ ಮೀನು ಓಡಿಹೋಗಿವೆ ಎಂಬುದು ಒಂದು. ಮಗನ ಕೈಗುಣ ದೊಡ್ಡದು, ಅವನ ಕೈಯಿಂದ ಎರೆ ಬಿದ್ದರೆ ಮೀನು ತಾನಾಗಿ ಬರುತ್ತಿತ್ತು, ಅವನೊಡನೆ ಅದೂ ಹೋಯಿತು ಎಂಬುದು ಇನ್ನೊಂದು. ಚಳಿಗಾಲವೂ ಒಂದು ಕಾರಣವೇ ಆಗಿತ್ತು. ಮೀನಿನ ಮೈ ನೀರಿನ ತಂಪನ್ನೇ ಹಿಡಿಯುವುದರಿಂದ ನೀರು ತಣ್ಣಗಾದಾಗ ಅದು ಕಡಿಮೆ ತಿನ್ನುತ್ತದೆ. ಆದರೆ ಅಕ್ಕಪಕ್ಕದ ಸಾಲುಗಾಳದವರಿಗೆ ಆ ತಿಂಗಳು ಮೀನು ಸ್ವಲ್ಪ ಕಡಿಮೆಯಾಗಿತ್ತೇ ಹೊರತು ಹೀಗೆ ಕುಸಿದಿರಲಿಲ್ಲ.

ಮಾಡಿ ನೋಡಿದ್ದು

ಕಾಕಾ ಮೊದಲು ಮಾಡಿದ್ದು ಯಾರಾದರೂ ಮಾಡುವಂಥದ್ದೇ. ಎರೆಯ ವಾಸನೆ ಸಾಲದಾಗಿದೆ ಎಂದುಕೊಂಡು ಕಣಕಕ್ಕೆ ಇಂಗು ಬೆರೆಸಿದರು, ಆಮೇಲೆ ಸೋಂಪಿನ ಪುಡಿ, ಆಮೇಲೆ ಯಾರೋ ಹೇಳಿದರೆಂದು ಐಸ್ಕ್ರೀಮಿಗೆ ಹಾಕುವ ವೆನಿಲಾ ಎಸೆನ್ಸ್. ಎರಡು ವಾರ ಹೀಗೆ ಕಳೆಯಿತು, ಮೀನಿನ ಲೆಕ್ಕ ಬದಲಾಗಲಿಲ್ಲ. ಎಂಜಿನ್ ಮುಟ್ಟಿದ ಕೈಯ ದೋಷವಿರಬಹುದೆಂದು ಘಮಘಮಿಸುವ ಮೈಸಾಬೂನಿನಿಂದ ಕೈ ತೊಳೆದು ಎರೆ ಕಟ್ಟತೊಡಗಿದರು. ಅದರಿಂದಲೂ ಪ್ರಯೋಜನವಾಗಲಿಲ್ಲ, ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೇರಿದಂತಾಯಿತು, ಅಷ್ಟೆ.

ಈ ಹಂತದಲ್ಲಿ ನಾನು ಒಂದು ನಸುಕಿನಲ್ಲಿ ಅವರೊಡನೆ ದೋಣಿಯಲ್ಲಿ ಹೋದೆ. ಹಗ್ಗ ಎತ್ತುತ್ತ ಹೋದಂತೆ ನನ್ನನ್ನು ತಡೆದು ನಿಲ್ಲಿಸಿದ್ದು ಮೀನಿಲ್ಲದ ಗಾಳಗಳು. ಅವುಗಳಲ್ಲಿ ಬಹಳಷ್ಟರ ಮೇಲೆ ಕಣಕ ಹಾಗೇ ಇತ್ತು. ಮೀನು ಕದ್ದು ತಿಂದಿದ್ದರೆ ಗಾಳ ಬರಿದಾಗಿ ಬರಬೇಕು. ಮೀನು ಬಂದೇ ಇಲ್ಲವೆಂದಾದರೆ ಉಂಡೆ ನಾವು ಒತ್ತಿದಂತೆ ದುಂಡಗಿರಬೇಕು. ಇಲ್ಲಿ ಎರಡೂ ಆಗಿರಲಿಲ್ಲ. ಉಂಡೆಗಳು ಬದಿಯಿಂದ ಚಪ್ಪಟೆಯಾಗಿ, ಹಲ್ಲಿಲ್ಲದ ಮುದುಕರು ಚೀಪಿ ಉಗಿದ ಉಂಡಿಯಂತೆ ಬಂದಿದ್ದವು. ಮೀನು ಬಂದಿದೆ, ಬಾಯಿಗೆ ತೆಗೆದುಕೊಂಡಿದೆ, ಉಗುಳಿ ಹೋಗಿದೆ. ಎಂಜಿನ್ನಿನ ಸದ್ದಿಗೆ ಓಡಿಹೋದ ಮೀನು ಎರೆಯನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಸಂಗತಿ ಹೊಳೆಯಿತು. ವಹಿಯಲ್ಲಿ ಕೊರವದ ಲೆಕ್ಕವನ್ನು ಬೇರೆಯಾಗಿ ತೆಗೆದು ನೋಡಿದಾಗ ಅದು ಇಳಿದೇ ಇರಲಿಲ್ಲ. ದೋಣಿ ಅದೇ, ಎಂಜಿನ್ ಅದೇ, ಕಪ್ಪೆಮರಿಯನ್ನು ಗಾಳಕ್ಕೆ ಚುಚ್ಚುವ ಕೈಯೂ ಕಾಕಾರದೇ. ಕೊರವವು ಒದ್ದಾಡುವ ಬೇಟೆಯನ್ನು ಕಂಡು, ನೀರಿನ ಅಲುಗಾಟವನ್ನು ಅರಿತು ಎರಗುವ ಮೀನು. ಕೆಸರಿನಲ್ಲಿ ನಿಶ್ಚಲವಾಗಿ ಬಿದ್ದ ಕಣಕವನ್ನು ಹುಡುಕಿ ಬರುವ ಗೆಂಡೆಗೆ ದಾರಿ ತೋರಿಸುವುದು ವಾಸನೆ, ನುಂಗಬೇಕೋ ಬಿಡಬೇಕೋ ಎಂದು ತೀರ್ಮಾನಿಸುವುದು ರುಚಿ. ಎರಡರಲ್ಲಿ ಒಂದು ಕೆಟ್ಟು ಇನ್ನೊಂದು ಕೆಡದೆ ಉಳಿದಿದೆ ಎಂದರೆ ದೋಷ ಹಿನ್ನೀರಿನಲ್ಲಿ ಇಲ್ಲ, ದೋಣಿಯಲ್ಲೂ ಇಲ್ಲ, ಕಣಕದಲ್ಲಿದೆ ಎಂದು ನನಗೆ ಅನ್ನಿಸಿತು.

ಇಲ್ಲಿ ಮೀನಿನ ಮೂಗು ಮತ್ತು ನಾಲಗೆಯ ವಿಷಯವನ್ನು ಸ್ವಲ್ಪ ಹೇಳಬೇಕು. ಮೀನಿನ ಮೂಗಿಗೂ ಉಸಿರಾಟಕ್ಕೂ ಸಂಬಂಧವಿಲ್ಲ. ಗೆಂಡೆಯಂಥ ಮೀನಿನ ಮೂತಿಯ ಎರಡೂ ಬದಿಗೆ ಇರುವ ಸಣ್ಣ ಗುಳಿಗೆ ಮುಂದೊಂದು, ಹಿಂದೊಂದು ತೂತು ಇರುತ್ತದೆ. ನೀರು ಮುಂದಿನಿಂದ ಹೊಕ್ಕು, ಒಳಗಿನ ಮಡಿಕೆಮಡಿಕೆಯಾದ ಪೊರೆಯನ್ನು ಸವರಿ ಹಿಂದಿನಿಂದ ಹೊರಬೀಳುತ್ತದೆ. ನೀರಿನಲ್ಲಿ ಕರಗಿದ್ದು ಮಾತ್ರ ಅದಕ್ಕೆ ವಾಸನೆ. ಹಿಂಡಿಯಿಂದ ಕರಗಿ ಬರುವ ಅಮೈನೋ ಆಮ್ಲಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅದು ಗುರುತಿಸುತ್ತದೆ. ನಮಗೆ ಘಾಟಾಗಿ ಹೊಡೆಯುವ ಎಣ್ಣೆ ನೀರಿನಲ್ಲಿ ಕರಗದೆ ಮೇಲೆ ತೇಲಿಹೋದರೆ ತಳದ ಮೀನಿಗೆ ಅದು ಅಷ್ಟಾಗಿ ತಿಳಿಯದೆಯೂ ಇರಬಹುದು. ನಮ್ಮ ಮೂಗಿನಿಂದ ಎರೆಯನ್ನು ಅಳೆಯುವುದು ಈ ಕಾರಣಕ್ಕೇ ತಪ್ಪು. ಇನ್ನು ರುಚಿಯ ಮೊಗ್ಗುಗಳು ಬಾಯಿಯಲ್ಲಷ್ಟೇ ಅಲ್ಲ, ತುಟಿಯಲ್ಲೂ ಮೀಸೆಯಲ್ಲೂ ಇರುತ್ತವೆ. ಗಿರ್ಲಿನ ಬಳಗದ ಮೀಸೆಮೀನುಗಳಲ್ಲಿ ಮೈಚರ್ಮದ ಮೇಲೂ ಹರಡಿರುತ್ತವೆ. ಸಾಮಾನ್ಯ ಗೆಂಡೆಗೆ ಎರಡು ಜೊತೆ ಮೀಸೆ ಸಾಲದೆಂಬಂತೆ ಬಾಯಿಯ ಮೇಲ್ಛಾವಣಿಯಲ್ಲಿ ದಪ್ಪನೆಯ ಒಂದು ಅಂಗವೇ ಇದೆ. ಕೆಸರಿನೊಡನೆ ಬಾಯಿಗೆ ಬಂದದ್ದರಲ್ಲಿ ಆಹಾರವನ್ನು ಹಿಡಿದಿಟ್ಟು ಉಳಿದದ್ದನ್ನು ಉಗುಳುವುದು ಅದರ ಕೆಲಸ. ಅಂಥ ಮೀನಿಗೆ ಕಹಿ ಬೆರೆತ ಉಂಡೆಯನ್ನು ನುಂಗಿಸಲು ಇಂಗು ಹಾಕಿದರೇನು, ವೆನಿಲಾ ಹಾಕಿದರೇನು? ಪರಿಮಳ ಅದನ್ನು ಹತ್ತಿರಕ್ಕೆ ಕರೆದು ತರಬಹುದು, ಕಹಿ ಮಾತ್ರ ಬಾಯಿಯಲ್ಲೇ ಇರುತ್ತದೆ.

ಹೆಬ್ಬೆರಳು

ಆದರೆ ಕಹಿ ಎಲ್ಲಿಂದ ಬಂತು? ನನ್ನ ಅನುಮಾನವೂ ಮೊದಲು ಪೆಟ್ರೋಲಿನ ಮೇಲೆಯೇ ಇತ್ತು, ಏಕೆಂದರೆ ಎಂಜಿನ್ ಬಂದದ್ದೂ ಮೀನು ಇಳಿದದ್ದೂ ಒಂದೇ ಕಾಲಕ್ಕೆ. ಮರುದಿನ ಸಂಜೆ ಕಾಕಾ ದಂಡೆಯ ಮೇಲೆ ಕುಳಿತು ಎರೆ ಕಟ್ಟುವುದನ್ನು ಎದುರಿಗೆ ಕುಳಿತು ನೋಡಿದೆ. ಅವರು ಚಂಚಿ ಬಿಚ್ಚಿ, ಎಡ ಅಂಗೈಗೆ ತಂಬಾಕು ಹಾಕಿಕೊಂಡು, ಡಬ್ಬಿಯಿಂದ ಸುಣ್ಣ ತೆಗೆದು, ಬಲಗೈ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಪುಡಿ ಮಾಡಿ, ಎರಡು ಸಲ ತಟ್ಟಿ ಧೂಳು ಹಾರಿಸಿ, ತುಟಿಯ ಒಳಗಿಟ್ಟುಕೊಂಡರು. ಆಮೇಲೆ ಅದೇ ಎಡ ಅಂಗೈಯಲ್ಲಿ ಕಣಕದ ಚೂರನ್ನು ಉರುಳಿಸಿ ಉಂಡೆ ಮಾಡಿ, ಅದೇ ಹೆಬ್ಬೆರಳಿನಿಂದ ಗಾಳದ ಮೇಲೆ ಒತ್ತಿ ಕೂರಿಸಿದರು. ಆ ಹೆಬ್ಬೆರಳಿನ ಉಗುರಿನ ಸುತ್ತ ಸುಣ್ಣ ತಿಂದ ಬಿಳಿ ಗೆರೆಯೂ ಗೆರೆಯೊಳಗೆ ಕಂದು ಬಣ್ಣವೂ ಇದ್ದವು. ಸಾಬೂನಿಗೆ ಹೋಗುವ ಬಣ್ಣವಲ್ಲ ಅದು, ಮೂವತ್ತು ವರ್ಷಗಳಿಂದ ಕುಳಿತದ್ದು. ಅರವತ್ತು ಗಾಳ ಮುಗಿಯುವಷ್ಟರಲ್ಲಿ ಚಂಚಿ ಇನ್ನೊಮ್ಮೆ ಬಿಚ್ಚಿತು.

‘ಕಾಕಾ, ಮಗ ಇದ್ದಾಗ ಎರಿ ಕಟ್ಟತಿದ್ದವರು ಯಾರು?’ ಎಂದು ಕೇಳಿದೆ.

‘ಅಂವನ ಕಟ್ಟತಿದ್ದ ನೋಡ್ರಿ ಮಾಸ್ತರ. ನಾ ಹಗ್ಗ ಬಿಡಾಂವ. ಬಲಿ ಇದ್ದಾಗಂತೂ ಎರಿ ಮುಟ್ಟೂ ಪ್ರಶ್ನೇನ ಇರಲಿಲ್ಲ.’

ಪ್ರಕರಣ ತಿರುಗಿದ್ದು ಈ ಉತ್ತರದಿಂದ. ಮಗ ಹೋದದ್ದರಿಂದ ಮನೆಯಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ಆಗಿದ್ದವು. ಹುಟ್ಟು ಹಾಕುವವನಿಲ್ಲದೆ ಎಂಜಿನ್ ಬಂದದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು, ಕಿವಿಗೂ ಬಿದ್ದಿತ್ತು. ಎರೆ ಕಟ್ಟುವ ಕೈ ಬದಲಾದದ್ದನ್ನು ಕಾಕಾ ಸೇರಿದಂತೆ ಯಾರೂ ಬದಲಾವಣೆ ಎಂದೇ ಎಣಿಸಿರಲಿಲ್ಲ. ತಂಬಾಕಿನ ನಿಕೋಟಿನ್ ನೀರಿನಲ್ಲಿ ಸಲೀಸಾಗಿ ಬೆರೆಯುವ ವಸ್ತು. ಸುಣ್ಣ ಅದನ್ನು ಎಲೆಯಿಂದ ಇನ್ನಷ್ಟು ಬಿಡಿಸುತ್ತದೆ, ತಿನ್ನುವವರು ಸುಣ್ಣ ಹಚ್ಚುವುದೇ ಅದಕ್ಕಾಗಿ. ತಂಬಾಕಿನ ಕಷಾಯವನ್ನು ಬೆಳೆಯ ಕೀಟಕ್ಕೆ ಹೊಡೆಯುವುದು ನಮ್ಮ ರೈತರಿಗೆ ಗೊತ್ತಿರುವ ಮಾತೇ. ಫಿಲಿಪ್ಪೀನ್ಸಿನಲ್ಲಿ ಮೀನಿನ ಕೊಳ ಸಿದ್ಧಪಡಿಸುವಾಗ ಬಸವನಹುಳು ಮತ್ತು ಬೇಡದ ಮೀನುಗಳನ್ನು ಕೊಲ್ಲಲು ತಂಬಾಕಿನ ಪುಡಿ ಎರಚುವ ರೂಢಿ ಇದೆ. ಕಪ್ಪೆಮರಿಯ ಮೈಗೆ ಅಂಟಿದ್ದು ನೀರಿನಲ್ಲಿ ತೊಳೆದುಹೋಗುತ್ತದೆ. ಕಣಕವೋ ಹೆಬ್ಬೆರಳು ಕೊಟ್ಟದ್ದನ್ನೆಲ್ಲ ಒಳಗೆ ನಾದಿಕೊಂಡು ಇಟ್ಟುಕೊಳ್ಳುತ್ತದೆ.

ಇಷ್ಟು ಹೇಳಿದರೂ ಕಾಕಾ ಒಪ್ಪಲಿಲ್ಲ, ಅವರು ಒಪ್ಪದಿದ್ದದ್ದೇ ಒಳ್ಳೆಯದಾಯಿತು. ‘ಹಂಗಾರ ನೋಡೂಣು’ ಎಂದರು. ಸಾಲಿನ ಮೂವತ್ತು ಗಾಳಗಳಿಗೆ ಕಾಕಾ, ಮೂವತ್ತಕ್ಕೆ ಅವರ ಹೆಂಡತಿ ಕಾಕು ಎರೆ ಕಟ್ಟುವುದೆಂದು ಗೊತ್ತುಮಾಡಿದೆವು. ಕಾಕು ತಂಬಾಕು ಮುಟ್ಟುವವರಲ್ಲ. ರೊಟ್ಟಿ ಬಡಿದು ಜೋಳದ ಹಿಟ್ಟಿನ ವಾಸನೆ ಕುಳಿತ ಕೈ ಅವರದು. ಕಣಕ ಒಂದೇ ಮುದ್ದೆಯದು. ಕಾಕುವಿನ ಗಾಳಗಳ ಕೊಂಡಿಗೆ ಕೆಂಪು ದಾರ, ಕಾಕಾರದಕ್ಕೆ ಬಿಳಿ ದಾರ. ಮೊದಲ ಎರಡು ರಾತ್ರಿ ನಾವೇ ಒಂದು ತಪ್ಪು ಮಾಡಿದೆವು: ಕೆಂಪು ದಾರದ ಅರ್ಧವನ್ನೆಲ್ಲ ದಂಡೆಯ ಬದಿಗೆ ಬಿಟ್ಟಿದ್ದೆವು. ಕೆಂಪಿಗೆ ಮೀನು ಹೆಚ್ಚು ಬಂದವು, ಆದರೆ ಅದು ಕೈಯ ಕಾರಣವೋ ಆಳದ ಕಾರಣವೋ ಹೇಳಲು ಬರುವಂತಿರಲಿಲ್ಲ. ಆ ಎರಡು ರಾತ್ರಿಗಳನ್ನು ಕೈಬಿಟ್ಟು, ಮುಂದೆ ಒಂದು ಕೆಂಪು ಒಂದು ಬಿಳಿ ಎಂದು ಗಾಳಗಳನ್ನು ಹೆಣೆದೆವು.

ಆದದ್ದು

ಹೀಗೆ ಎಂಟು ರಾತ್ರಿ ಬಿಟ್ಟೆವು. ಅವುಗಳಲ್ಲಿ ಒಂದು ರಾತ್ರಿ ಎರಡೂ ಬಣ್ಣಕ್ಕೆ ಒಂದೂ ಮೀನು ಸಿಗಲಿಲ್ಲ. ವಿಚಾರಿಸಿದಾಗ, ಆ ಸಂಜೆ ಕಾಕಾ ಮನೆಯ ಸಾರಿಗೆಂದು ನಾಲ್ಕು ಸಣ್ಣ ಗೆಂಡೆಗಳನ್ನು ಸಾಲು ಬಿಡುವ ಜಾಗದಲ್ಲಿಯೇ ದೋಣಿಯಿಂದ ಬಾಗಿ ಉಜ್ಜಿ ತೊಳೆದಿದ್ದರೆಂದು ತಿಳಿಯಿತು. 1938ರಲ್ಲಿ ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ, ಗಾಯಗೊಂಡ ಮಿನ್ನೋ ಎಂಬ ಪುಟ್ಟ ಮೀನಿನ ಚರ್ಮದಿಂದ ನೀರಿಗಿಳಿಯುವ ಏನೋ ಒಂದು ಅದರದೇ ಗುಂಪಿನ ಮೀನುಗಳನ್ನು ಬೆದರಿಸುತ್ತದೆ ಎಂದು ತೋರಿಸಿದ್ದರು. ಮಿನ್ನೋ ಗೆಂಡೆಯ ಬಳಗದ್ದೇ. ಚರ್ಮ ಹರಿದಾಗ ಇಂಥ ಎಚ್ಚರಿಕೆಯ ವಸ್ತು ಹೊರಬೀಳುವುದು ಗೆಂಡೆ ಮತ್ತು ಮೀಸೆಮೀನುಗಳ ಬಳಗಗಳಿಗೆ ಸಾಮಾನ್ಯ. ಒಂದು ರಾತ್ರಿಯ ಅನುಭವದಿಂದ ಏನನ್ನೂ ಸಾಧಿಸಲಾಗದು. ಆದರೂ ಆ ರಾತ್ರಿಯನ್ನು ಲೆಕ್ಕದಿಂದ ತೆಗೆದೆವು, ಸಾಲಿನ ಹತ್ತಿರ ಮೀನು ಉಜ್ಜುವುದನ್ನೂ ಅಂದಿನಿಂದ ನಿಲ್ಲಿಸಿದೆವು.

ಉಳಿದ ಏಳು ರಾತ್ರಿಗಳಲ್ಲಿ ಕೆಂಪು ದಾರದ ಗಾಳಗಳಿಗೆ ಮೂವತ್ತೊಂದು ಮೀನು, ಬಿಳಿ ದಾರದವಕ್ಕೆ ಹನ್ನೆರಡು. ಚೀಪಿ ಉಗುಳಿದ ಉಂಡೆಗಳಲ್ಲಿ ಬಹುಪಾಲು ಬಿಳಿಯವೇ ಆಗಿದ್ದವು. ಊರಿನ ಹಿರಿಯರು ಇದನ್ನು ಕೇಳಿ, ‘ಕೈಗುಣ ಅಂತ ನಾವು ಅಂದದ್ದು ಇದನ್ನ ಅಲ್ಲೇನು? ಮಗನ ಕೈಗುಣ ತಾಯಿಯಿಂದ ಬಂದದ್ದು’ ಎಂದರು. ಅದು ತಳ್ಳಿಹಾಕುವ ಮಾತಾಗಿರಲಿಲ್ಲ. ನಮ್ಮ ಲೆಕ್ಕ ಅಲ್ಲಿಯವರೆಗೆ ತೋರಿಸಿದ್ದು ಕೈಗಳ ನಡುವಿನ ವ್ಯತ್ಯಾಸವನ್ನೇ ಹೊರತು ತಂಬಾಕನ್ನಲ್ಲ. ಕಾಕುವಿನ ಉಂಡೆ ಇನ್ನೂ ಮೆತ್ತಗಿದ್ದಿರಬಹುದು, ಅವರು ಗಾಳದ ತುದಿಯನ್ನು ಇನ್ನೂ ಚೆನ್ನಾಗಿ ಮುಚ್ಚಿದ್ದಿರಬಹುದು.

ಆದ್ದರಿಂದ ಕಾಕಾರನ್ನು ಕಷ್ಟದ ಒಂದು ಕೆಲಸಕ್ಕೆ ಒಪ್ಪಿಸಬೇಕಾಯಿತು. ನಾಲ್ಕು ದಿನ ಮಧ್ಯಾಹ್ನದ ಊಟವಾದ ಮೇಲೆ ಸಾಲು ಬಿಟ್ಟು ಮುಗಿಯುವವರೆಗೆ ಚಂಚಿ ಬಿಚ್ಚಬಾರದು. ಎರೆ ಕಟ್ಟುವ ಮುಂಚೆ ಹೊಳೆದಂಡೆಯ ಎರೆಮಣ್ಣಿನಿಂದ ಬೆರಳ ಸಂದು ಬಿಡದೆ ಉಜ್ಜಿ ತೊಳೆದು, ಕೊನೆಗೆ ನೆನೆಸಿದ ಶೇಂಗಾ ಹಿಂಡಿಯನ್ನು ಎರಡೂ ಕೈಗೆ ಸವರಿಕೊಳ್ಳಬೇಕು. ಉಗುರನ್ನು ಗಿಡ್ಡಗೆ ಕತ್ತರಿಸಿದೆವು. ಕೈ ಅದೇ, ಒತ್ತುವ ರೀತಿ ಅದೇ. ಎರಡನೆಯ ಸಂಜೆ ಕಾಕಾ ಸಿಡಿಮಿಡಿಗೊಂಡು ಯಾರೊಡನೆಯೂ ಮಾತಾಡಲಿಲ್ಲ, ಆದರೆ ಮಾತು ಮುರಿಯಲಿಲ್ಲ. ನಾಲ್ಕು ರಾತ್ರಿಗಳಲ್ಲಿ ಕೆಂಪಿಗೆ ಹದಿನೈದು, ಬಿಳಿಗೆ ಹದಿಮೂರು ಮೀನು ಬಂದವು. ಕೊನೆಯ ನಸುಕಿನಲ್ಲಿ ಬಿಳಿ ದಾರದ ಗಾಳಕ್ಕೆ ಸಿಕ್ಕ ಒಂದು ಮೃಗಾಲನ್ನು ದೋಣಿಯೊಳಗೆ ಎಳೆದುಕೊಂಡು ಕಾಕಾ ಬಹಳ ಹೊತ್ತು ತಮ್ಮ ಹೆಬ್ಬೆರಳನ್ನೇ ನೋಡುತ್ತ ಕುಳಿತಿದ್ದರು. ನನಗೂ ಆ ಕ್ಷಣ ಗಂಟಲು ಕಟ್ಟಿತ್ತು. ಎರಡು ತಿಂಗಳಿಂದ ತಮ್ಮ ಕೈ ಸುಟ್ಟುಹೋಗಿದೆ ಎಂದು ನಂಬಿದ್ದ ಮನುಷ್ಯ ಅವರು.

ಪೆಟ್ರೋಲಿನ ವಿಷಯ ಮಾತ್ರ ಇಷ್ಟು ಸ್ಪಷ್ಟವಾಗಿ ಬಗೆಹರಿಯಲಿಲ್ಲ. ತಂಬಾಕು ತಿನ್ನದ ಅಳಿಯನೊಬ್ಬ ಎಂಜಿನ್ ಮುಟ್ಟಿ, ಬಟ್ಟೆಯಲ್ಲಿ ಕೈ ಒರೆಸಿಕೊಂಡು ಎರೆ ಕಟ್ಟಿದ ಮೂರು ರಾತ್ರಿಗಳಲ್ಲಿ ಅವನ ಪಾಲಿಗೆ ಬಂದ ಮೀನು ಕಾಕುವಿನದಕ್ಕಿಂತ ತುಸು ಕಡಿಮೆ, ತಂಬಾಕಿನ ಕೈಗಿಂತ ಬಹಳ ಹೆಚ್ಚು. ಮೂರು ರಾತ್ರಿ ಸಾಲದು. ಆದರೂ ಅಲ್ಲಿಯವರೆಗೆ ಪೆಟ್ರೋಲ್ ಕ್ಯಾನಿನ ಪಕ್ಕದಲ್ಲೇ ಇರುತ್ತಿದ್ದ ಎರೆಯ ಡಬ್ಬಿಯನ್ನು ದೋಣಿಯ ಮೂತಿಗೆ ಸಾಗಿಸಿದೆವು.

ಇದರಿಂದ ತಿಳಿದದ್ದು

ಕೈಯ ವಾಸನೆಗೆ ಮೀನು ಹೆದರುತ್ತದೆ ಎಂಬ ಮಾತು ಎಲ್ಲ ಕಡೆಯೂ ಇದೆ. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು, ಹೊಳೆ ಏರಿ ಬರುವ ಸಾಲ್ಮನ್ ಮೀನುಗಳಿಗಿಂತ ಹೊಳೆಯ ಮೇಲ್ಭಾಗದಲ್ಲಿ ಮನುಷ್ಯರ ಕೈ ತೊಳೆದ ನೀರನ್ನೋ ಕರಡಿಯ ಪಂಜ ಅದ್ದಿದ ನೀರನ್ನೋ ಬಿಟ್ಟಾಗ ಅವು ತಡೆದು ನಿಲ್ಲುವುದನ್ನು ಕಂಡು, ಚರ್ಮದಿಂದ ಬರುವ ಸೆರಿನ್ ಎಂಬ ಅಮೈನೋ ಆಮ್ಲವೇ ಅದರ ಮೂಲವೆಂದು ಗುರುತಿಸಿದ್ದರು. ಅದು ಕರಡಿಗೆ ಆಹಾರವಾಗುವ ತಣ್ಣೀರಿನ ಮೀನಿನ ಕಥೆ. ನಮ್ಮ ಗೆಂಡೆಗೆ ಅದನ್ನು ಹೊರಿಸಿ, ಬರಿಗೈಯಿಂದ ಎರೆ ಮುಟ್ಟಲೇಬಾರದು ಎಂದು ಹೇಳುವುದು ಸರಿಯಲ್ಲ. ಕಾಕುವಿನದೂ ಬರಿಗೈಯೇ, ಅವರ ಎರೆಯನ್ನು ಮೀನು ನುಂಗಿತು. ಇಲ್ಲಿ ಕೆಡಿಸಿದ್ದು ಮನುಷ್ಯನ ಕೈಯಲ್ಲ, ಕೈ ಹೊತ್ತು ತಂದ ವಸ್ತು. ಅದೂ ಕೆಟ್ಟದ್ದು ವಾಸನೆಯ ಹಂತದಲ್ಲಿ ಅಲ್ಲ, ರುಚಿಯ ಹಂತದಲ್ಲಿ ಎಂದು ಚೀಪಿ ಬಿಟ್ಟ ಉಂಡೆಗಳನ್ನು ನೋಡಿದ ನನ್ನ ತೀರ್ಮಾನ.

ಆದ್ದರಿಂದ ಸಾಲುಗಾಳದವರು ಮೀನು ಕಡಿಮೆಯಾಯಿತೆಂದು ನನ್ನ ಬಳಿ ಬಂದಾಗ ಈಗ ನಾನು ಮೊದಲು ಕೇಳುವುದು ಮೀನಿಲ್ಲದ ಗಾಳ ಹೇಗೆ ಬಂತು ಎಂದು. ಬರಿದಾಗಿ ಬಂದರೆ ಗಾಳದ ಅಳತೆಯನ್ನೋ ಕಣಕದ ಬಿಗಿತವನ್ನೋ ನೋಡಬೇಕು. ಮುಟ್ಟದೆ ಬಂದರೆ ಜಾಗವನ್ನೂ ಗಾಳಿ ನೀರನ್ನು ತಳ್ಳುವ ದಿಕ್ಕನ್ನೂ ನೋಡಬೇಕು, ನಿಂತ ನೀರಿನಲ್ಲಿ ವಾಸನೆ ತಾನಾಗಿ ದೂರ ಹೋಗುವುದಿಲ್ಲ. ಚೀಪಿಸಿಕೊಂಡು ಬಂದರೆ ಕೈಯನ್ನು ನೋಡಬೇಕು. ಎರೆಗೆ ಹೊಸ ಪರಿಮಳ ಸೇರಿಸುವುದು ಇದಾದ ಮೇಲಿನ ಮಾತು. ಕಾಕಾ ಇಂಗು, ಸೋಂಪು, ಎಸೆನ್ಸ್ ಎಂದು ಎರಡು ವಾರ ಕಳೆದದ್ದು ತಪ್ಪೆಂದು ನಾನು ಹೇಳಲಾರೆ, ಆದರೆ ಕೆಡಿಸುತ್ತಿರುವುದನ್ನು ತೆಗೆಯದೆ ಒಳ್ಳೆಯದನ್ನು ಸುರಿದರೆ ಹಣ ಮಾತ್ರ ಕರಗುತ್ತದೆ.

ಕಾಕಾ ತಂಬಾಕು ಬಿಟ್ಟಿಲ್ಲ. ಬಿಡಿಸಲು ಮಗನೂ ನಾನೂ ಪ್ರಯತ್ನಿಸುತ್ತಲೇ ಇದ್ದೇವೆ, ಅದು ಮೀನಿಗಿಂತ ದೊಡ್ಡ ವಿಷಯ. ಸದ್ಯಕ್ಕೆ ಆಗಿರುವ ಒಪ್ಪಂದವೆಂದರೆ, ಮಧ್ಯಾಹ್ನವೇ ಕಾಕು ಮನೆಯ ಕಟ್ಟೆಯ ಮೇಲೆ ಕುಳಿತು ಅರವತ್ತೂ ಗಾಳಗಳಿಗೆ ಎರೆ ಕಟ್ಟಿ, ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಒದ್ದೆ ಬಟ್ಟೆ ಮುಚ್ಚಿ ಕೊಡುತ್ತಾರೆ. ಬಿಟ್ಟ ಸಾಲಿನಲ್ಲಿ ಎಲ್ಲಾದರೂ ಉಂಡೆ ಕಳಚಿಬಿದ್ದರೆ ಕಾಕಾ ಆ ಗಾಳವನ್ನು ಬರಿದಾಗಿಯೇ ನೀರಿಗೆ ಬಿಡುತ್ತಾರೆ. ಕೊನೆಯ ಕಲ್ಲುಗುಂಡು ಮುಳುಗಿ, ಎಂಜಿನ್ ತಿರುಗಿಸಿ ದಂಡೆಯ ಕಡೆಗೆ ಹೊರಟ ಮೇಲೆ ಅವರ ಕೈ ಚಂಚಿಗೆ ಹೋಗುತ್ತದೆ.